ಓಪನ್ ರೈಲ್ಸ್: ಘಾಟಿ ಹತ್ತಿಳಿಯಲು ಸೊಗಸು, ಪ್ಯಾಚ್ ಹಾಕುವಾಗ ಮೈಯೆಲ್ಲ ಕಣ್ಣಾಗಿರಬೇಕು

ಬಳಕೆ: ಆರು ವರ್ಷ, ಮಡಗಾಂವ್
ಅಂಕ: ಐದಕ್ಕೆ ನಾಲ್ಕು

ಮಡಗಾಂವ್, ವಾಸ್ಕೊ ಕಡೆಯ ಕನ್ನಡದವರಿಗೆ ಕಂಪ್ಯೂಟರಿನಲ್ಲಿ ರೈಲು ಓಡಿಸುವ ಈ ಸಿಮ್ಯುಲೇಟರ್ ಹಿಡಿಸುವುದು ಘಾಟಿಯಿಂದಾಗಿ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಹಾದಿಯ ಇಳಿಜಾರು 37ಕ್ಕೆ 1. ಅಂಥ ಕಡೆ ಗಾಡಿಯ ತೂಕ, ಬ್ರೇಕ್ ಪೈಪಿನ ಒತ್ತಡ, ಮಳೆಯಲ್ಲಿ ಚಕ್ರ ಜಾರುವುದು ಎಲ್ಲವನ್ನೂ ಓಪನ್ ರೈಲ್ಸ್ ಲೆಕ್ಕಕ್ಕೆ ಹಿಡಿಯುತ್ತದೆ, ಅದೂ ಪುಕ್ಕಟೆಯಾಗಿ. 2001ರ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್‌ಗೆಂದು ಮಾಡಿದ ರೂಟು, ಎಂಜಿನ್‌ಗಳೇ ಇದರಲ್ಲೂ ಓಡುತ್ತವೆ.

ತೊಂದರೆ ಹುಟ್ಟುವುದೂ ಅಲ್ಲೇ. ಇಪ್ಪತ್ತು ವರ್ಷದ ಹಳೆಯ ಫೈಲುಗಳ ಮೇಲೆ ಬೇರೆ ಬೇರೆಯವರ ಪ್ಯಾಚ್, ಅಂದರೆ ತಿದ್ದುಪಡಿ ಫೈಲುಗಳ ಕಟ್ಟು, ಬಂದು ಕೂರುತ್ತದೆ. ಆಟಗಳನ್ನು ಮಾರುವ ಸ್ಟೀಮ್‌ನಲ್ಲಿರುವಂತೆ ಫೈಲುಗಳನ್ನು ತಾಳೆ ನೋಡಿ, ಕೆಟ್ಟದ್ದನ್ನು ತಾನೇ ಮತ್ತೆ ಇಳಿಸಿಕೊಳ್ಳುವ ಬಟನ್ ಇಲ್ಲಿಲ್ಲ. ಒಂದು ಅಂಕ ಕಳೆದದ್ದು ಅದಕ್ಕೇ.

ರೂಟು ತೆರೆಯದಿದ್ದರೆ ದಯವಿಟ್ಟು ಎಲ್ಲವನ್ನೂ ಅಳಿಸಿ ಮೊದಲಿಂದ ಹಾಕಬೇಡಿ. ಡೆಸ್ಕ್‌ಟಾಪ್ ಮೇಲೆ ಓಪನ್ ರೈಲ್ಸ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಫೈಲಿದೆ. ಆಟವನ್ನು ಮತ್ತೆ ತೆರೆಯುವ ಮೊದಲು ಅದರ ನಕಲು ತೆಗೆದಿಡಿ. ಅದರಲ್ಲಿ 'ವಾರ್ನಿಂಗ್' ಸಾಲುಗಳು ರಾಶಿ ಇರುತ್ತವೆ, ಬಹುಪಾಲು ನಿರುಪದ್ರವಿ. 'ಎರರ್' (Error) ಎಂದು ಹುಡುಕಿ. ಫೈಲಿನ ಹೆಸರು, ಎಷ್ಟೋ ಸಲ ಸಾಲಿನ ಸಂಖ್ಯೆಯೂ ಅಲ್ಲೇ ಸಿಗುತ್ತದೆ.

ಹೆಸರು ಸಿಕ್ಕಿತೇ? ಮೊದಲು ಪ್ಯಾಚ್‌ನ ಜಿಪ್ ಫೈಲನ್ನೇ ಪರೀಕ್ಷಿಸಿ. ಸೆವೆನ್‌ಜಿಪ್‌ನಲ್ಲಿ 'ಟೆಸ್ಟ್' ಒತ್ತಿದಾಗ ಸಿಆರ್‌ಸಿ ದೋಷ (ಫೈಲಿನ ತಾಳೆ ಸಂಖ್ಯೆ ಹೊಂದದಿರುವುದು) ತೋರಿಸಿದರೆ ಜಿಪ್ಪೇ ಕೆಟ್ಟಿದೆ, ಮತ್ತೆ ಇಳಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ನಡುವೆ ಹೋಗುವ ನಮ್ಮ ಕಡೆ ಅರ್ಧಕ್ಕೆ ನಿಂತ ಡೌನ್‌ಲೋಡ್ ಹೊಸದಲ್ಲ.

ಜಿಪ್ ಸರಿಯಿದ್ದೂ ಪ್ಯಾಚ್ ಹತ್ತಿಲ್ಲವೆಂದರೆ ಫೋಲ್ಡರ್ ನೋಡಿ. ಹಳೆಯ ಆಟ, ಅಂದರೆ ಮೈಕ್ರೋಸಾಫ್ಟಿನದು, 'ಪ್ರೋಗ್ರಾಂ ಫೈಲ್ಸ್' ಒಳಗಿದ್ದರೆ, ಹಳೆಯ ಪ್ಯಾಚ್ ಪ್ರೋಗ್ರಾಂ ಬರೆದದ್ದನ್ನು ವಿಂಡೋಸ್ ಸದ್ದಿಲ್ಲದೆ 'ವರ್ಚುವಲ್‌ಸ್ಟೋರ್' ಎಂಬ ಬೇರೆ ಜಾಗಕ್ಕೆ ಸಾಗಿಸಿಬಿಡಬಹುದು. ಪ್ಯಾಚ್ 'ಮುಗಿಯಿತು' ಎನ್ನುತ್ತದೆ, ಓಪನ್ ರೈಲ್ಸ್ ಮಾತ್ರ ಹಳೆಯ ಫೈಲನ್ನೇ ಓದುತ್ತಿರುತ್ತದೆ. ಆಟದ ಫೋಲ್ಡರ್ ಪೂರ್ತಿಯಾಗಿ ಡಿ ಡ್ರೈವಿಗೆ ಹೋಗಲಿ. ಈ ಒಂದು ಕೆಲಸ ಎಷ್ಟೋ ತಲೆನೋವು ತಪ್ಪಿಸುತ್ತದೆ.

ಇನ್ನು ಕೈಯಾರೆ ತಿದ್ದಿದ ಫೈಲು. ಎಂಜಿನ್, ವ್ಯಾಗನ್ ಫೈಲುಗಳು ಯುಟಿಎಫ್-16 ಎಲ್‌ಇ ಎಂಬ, ಅಕ್ಷರಕ್ಕೆ ಎರಡು ಬೈಟು ಹಿಡಿಯುವ ಪದ್ಧತಿಯಲ್ಲಿರುತ್ತವೆ, ಮೊದಲ ಸಾಲು 'ಸಿಮಿಸಾ' (SIMISA) ಎಂದೇ ಶುರು. ನೋಟ್‌ಪ್ಯಾಡ್‌ನಲ್ಲಿ ಆನ್ಸಿ (ಅಕ್ಷರಕ್ಕೆ ಒಂದೇ ಬೈಟು) ಎಂದು ಸೇವ್ ಮಾಡಿದರೆ ಗಾತ್ರ ಸರಿಸುಮಾರು ಅರ್ಧಕ್ಕಿಳಿಯುತ್ತದೆ, 40 ಕೆಬಿ ಇದ್ದದ್ದು 20ಕ್ಕೆ. ಗುರುತು ಹಿಡಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಓಪನ್ ರೈಲ್ಸ್ ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ, ಹಳೆಯ ಆಟ ಸಹಿಸುವುದಿಲ್ಲ. ಮತ್ತೆ ತೆರೆದು, 'ಸೇವ್ ಆ್ಯಸ್'ನಲ್ಲಿ ಯುಟಿಎಫ್-16 ಎಲ್‌ಇ ಆರಿಸಿ ಉಳಿಸಿ. ಆವರಣ ಚಿಹ್ನೆಗಳನ್ನೂ ಎಣಿಸಿ: ಮುಚ್ಚುವ ಒಂದು ಆವರಣ ಬಿಟ್ಟುಹೋದರೆ ಅದರ ಕೆಳಗಿನ ಬ್ರೇಕು, ಕಪ್ಲಿಂಗ್ ವಿವರವೆಲ್ಲ ಮೇಲಿನದರ ಹೊಟ್ಟೆಯೊಳಗೆ ಸೇರಿಹೋಗುತ್ತದೆ. ಲಾಗ್ ತೋರಿಸುವ ಸಾಲಿಗಿಂತ ಮೇಲೇ ತಪ್ಪಿರುವುದು ಹೆಚ್ಚು.

'ಗ್ಲೋಬಲ್' ಫೋಲ್ಡರಿನ ಟಿ-ಸೆಕ್ಷನ್ ಡ್ಯಾಟ್ (tsection.dat) ಫೈಲಿನ ಬಗ್ಗೆ ವಿಶೇಷ ಎಚ್ಚರ ಬೇಕು. ಎಲ್ಲ ರೂಟುಗಳ ಹಳಿಯ ಲೆಕ್ಕ ಅದರಲ್ಲಿದೆ. ಪ್ಯಾಚ್ ತನ್ನ ಜೊತೆ ತಂದ ಹಳೆಯ ಟಿ-ಸೆಕ್ಷನ್ ಅನ್ನು ಹೊಸದರ ಮೇಲೆ ಬರೆದರೆ ಫೈಲು ಕೆಟ್ಟಿರುವುದಿಲ್ಲ, ಆದರೂ ಹಳಿ ಅಲ್ಲಲ್ಲಿ ಮಾಯ. ಫೈಲಿನ ಆರಂಭದಲ್ಲಿರುವ ಬಿಲ್ಡ್ ಸಂಖ್ಯೆ ನೋಡಿ, ದೊಡ್ಡದನ್ನೇ ಇಟ್ಟುಕೊಳ್ಳಿ. ಯಾವ ಪ್ಯಾಚೇ ಇರಲಿ, ಹಾಕುವ ಮೊದಲು 'ಗ್ಲೋಬಲ್' ಮತ್ತು ಆಯಾ ರೂಟಿನ ಫೋಲ್ಡರ್ ಎರಡನ್ನೂ ನಕಲು ಮಾಡಿಡಿ.

ಸರಿಪಡಿಸಿದ ಮೇಲೆ ನೇರವಾಗಿ ದೊಡ್ಡ ಆ್ಯಕ್ಟಿವಿಟಿಗೆ, ಅಂದರೆ ಮೊದಲೇ ಹೆಣೆದಿಟ್ಟ ಓಟಕ್ಕೆ, ಹೋಗಬೇಡಿ. 'ಎಕ್ಸ್‌ಪ್ಲೋರ್ ರೂಟ್'ನಲ್ಲಿ ಒಂಟಿ ಎಂಜಿನ್ ಹಿಡಿದು, ಕೆಟ್ಟಿದ್ದ ಜಾಗದ ಹಿಂದಿನ ಸ್ಟೇಷನ್‌ನಿಂದ ಹೊರಟು ಅದನ್ನು ದಾಟಿ. ಆಮೇಲೆ ಲಾಗ್ ತೆರೆದು, ಆ ಫೈಲಿನ ಹೆಸರು ಮತ್ತೆ ಬಂದಿದೆಯೇ ನೋಡಿ.