ಮಗುವಿನ ಫೋನಿಗೆ ಫ್ಯಾಮಿಲಿ ಲಿಂಕೋ, ಸ್ಕ್ರೀನ್ ಟೈಮೋ?

ಮಂಡ್ಯದ ಮನೆಯಲ್ಲಿ ಅಪ್ಪ-ಅಮ್ಮನ ಕೈಲಿ ಆಂಡ್ರಾಯ್ಡ್ ಇದ್ದರೆ ಮಗುವಿಗೂ ಆಂಡ್ರಾಯ್ಡೇ ಕೊಡಿ, ಮಗುವಿನ ಫೋನ್ ಬಳಕೆಗೆ ಮಿತಿ ಹಾಕುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆಪ್ ಹಾಕಿ, ದುಡ್ಡು ಕೊಡಬೇಕಿಲ್ಲ. ಇದೇ ಕೆಲಸಕ್ಕೆ ಐಫೋನಿನಲ್ಲೇ ಇರುವ ಸ್ಕ್ರೀನ್ ಟೈಮನ್ನು ದೂರದಿಂದ ನೋಡಿಕೊಳ್ಳಬೇಕೆಂದರೆ ನಿಮ್ಮ ಹತ್ತಿರವೂ ಆಪಲ್ ಸಾಧನ ಇರಬೇಕು.

ಫ್ಯಾಮಿಲಿ ಲಿಂಕ್ ಕೈಕೊಡುವುದು ಹೆಚ್ಚಾಗಿ ಅಮ್ಮನ ಹಳೇ ಫೋನನ್ನು ಅವರ ಗೂಗಲ್ ಖಾತೆ ಸಮೇತ ಮಗುವಿಗೆ ಕೊಟ್ಟಾಗ. ಆ ಖಾತೆ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ (ಫೋನಿನಲ್ಲಿರುವುದನ್ನೆಲ್ಲ ಅಳಿಸಿ), ಹುಟ್ಟಿದ ದಿನಾಂಕ ಸರಿಯಾಗಿ ಹಾಕಿ ಮಗುವಿನ ಹೆಸರಲ್ಲೇ ಹೊಸ ಖಾತೆ ತೆರೆಯಿರಿ. ಫ್ಯಾಮಿಲಿ ಲಿಂಕ್‌ನಲ್ಲಿ ನೀವು ಇಟ್ಟಂತೆ ರಾತ್ರಿ 9ಕ್ಕೆ ಫೋನ್ ಲಾಕ್ ಆದರೂ ಮೈಸೂರಿನ ಅಜ್ಜಿ ಫೋನ್ ಮಾಡಿದರೆ ಎತ್ತಬಹುದು. ಇದು ದೊಡ್ಡ ಅನುಕೂಲ.

ಐಫೋನಿನಲ್ಲಿ ಆಪ್‌ಗೆ ಮಿತಿ ಇಟ್ಟು ‘ಬ್ಲಾಕ್ ಅಟ್ ಎಂಡ್ ಆಫ್ ಲಿಮಿಟ್’ (ಮಿತಿ ಮುಗಿದಾಗ ತಡೆ) ಆನ್ ಮಾಡದಿದ್ದರೆ ಮಗು ಮಿತಿ ದಾಟಿ ಆಟ ಮುಂದುವರಿಸುತ್ತೆ. ಸ್ಕ್ರೀನ್ ಟೈಮ್ ಪಾಸ್‌ಕೋಡ್ 4 ಅಂಕಿಯದು. ಒತ್ತುವಾಗ ಫೋನ್ ಆಚೆ ತಿರುಗಿಸಿಕೊಳ್ಳಿ, ಮಕ್ಕಳ ಕಣ್ಣು ನಿಮ್ಮ ಬೆರಳ ಮೇಲೇ ಇರುತ್ತೆ.