ಅರಿಶಿನಕ್ಕೆ ಹನಿ ಬಿಟ್ಟು ಕೆಂಪು ತೋರಿಸುವವರು ಬಂದರೆ ಹುಷಾರು

ಮೈಸೂರಿನಲ್ಲಿ ನಮ್ಮ ಬಡಾವಣೆ ಕಡೆ 'ಕಲಬೆರಕೆ ಪತ್ತೆ ಕಿಟ್' ಮಾರುವ ತಂಡವೊಂದು ಓಡಾಡುತ್ತಿದೆ. ಮಹಿಳಾ ಸಂಘದ ಮೀಟಿಂಗ್, ಭಜನೆ, ಅಪಾರ್ಟ್‌ಮೆಂಟಿನ ಹಾಲ್, ಎಲ್ಲಿ ನಾಲ್ಕು ಜನ ಹೆಂಗಸರು ಸೇರುತ್ತಾರೋ ಅಲ್ಲಿಗೆ ಬರುತ್ತಾರೆ. ಅವರು ತೋರಿಸುವ ಬಣ್ಣ ನಿಜ. ಅದಕ್ಕೆ ಅವರು ಹೇಳುವ ಅರ್ಥ ಮಾತ್ರ ಶುದ್ಧ ಸುಳ್ಳು.

ನಮ್ಮ ಅತ್ತೆಯವರ ಸಂಘಕ್ಕೂ ಬಂದಿದ್ದರು. ಬಿಳಿ ಕೋಟು, ಕೈಗೆ ಗ್ಲೌಸ್. ಮಾತು ಶುರುವಾಗಿದ್ದು ಗೋಬಿ ಮಂಚೂರಿಯಿಂದ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು, ಬೊಂಬಾಯಿ ಮಿಠಾಯಿಗೆ ರೋಡಮಿನ್-ಬಿ ಬಳಸಬಾರದು ಅಂತ ಆದೇಶ ಮಾಡಿತಲ್ಲ, ಅದನ್ನೇ ಹೇಳಿದರಂತೆ. ಅದು ಸುಳ್ಳಲ್ಲ. ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗೆ ಹೋಗಬೇಕಾದದ್ದಲ್ಲ. ಹೀಗೆ ಎಲ್ಲರಿಗೂ ಗೊತ್ತಿರುವ ಒಂದು ನಿಜ ಹೇಳಿ ನಂಬಿಕೆ ಗಿಟ್ಟಿಸಿಕೊಂಡರು. ಆಮೇಲೆ "ಮನೆಯಿಂದ ಚಿಟಿಕೆ ಅರಿಶಿನ ತನ್ನಿ ಅಮ್ಮ" ಅಂದರು.

ತಂದರು. ಸೀಸೆಯಿಂದ ಎರಡು ಹನಿ ಬಿಟ್ಟ ತಕ್ಷಣ ರಕ್ತದ ಬಣ್ಣ. "ನೋಡಿ, ಇದೇ ಸೀಸ, ಲೆಡ್. ದಿನಾ ಇದನ್ನೇ ಮೊಮ್ಮಕ್ಕಳಿಗೆ ತಿನ್ನಿಸ್ತಿದ್ದೀರಿ." ಒಬ್ಬೊಬ್ಬರದೂ ಕೆಂಪಾಯಿತು. ಅವರು ಮಾರುವ 'ಶುದ್ಧ' ಅರಿಶಿನ ಮಾತ್ರ ಹಳದಿಯಾಗೇ ಉಳಿಯಿತು.

ಇಷ್ಟಕ್ಕೇ ನಿಂತಿದ್ದರೆ ದುಡ್ಡು ಹೋಯಿತು ಅಂತ ಸುಮ್ನಾಗುತ್ತಿದ್ದೆ. ನಮ್ಮ ಬೀದಿಯಲ್ಲಿ ಸಾರಿನ ಪುಡಿ, ಹುಳಿ ಪುಡಿ ಮಾಡಿ ಮಾರುವ ಅಕ್ಕ ಒಬ್ಬರಿದ್ದಾರೆ. ಅದರಲ್ಲೇ ಸಂಸಾರ ತೂಗಿಸುತ್ತಾರೆ. ಅವರ ಪುಡಿಯನ್ನೂ ಯಾರೋ ತಂದು ಕೊಟ್ಟರು. ಅದೂ ಕೆಂಪಾಯಿತು. ಎಲ್ಲರ ಎದುರಿಗೆ, ಆ ಅಕ್ಕನೂ ಅಲ್ಲೇ ಕೂತಿದ್ದಾಗ. "ನಾನು ಕೊಂಬು ತಂದು ನಾನೇ ಬೀಸ್ತೀನಿ" ಅಂತ ಅವರು ಹೇಳುತ್ತಲೇ ಇದ್ದರಂತೆ, ಯಾರು ಕೇಳಬೇಕು?

ಅತ್ತೆಯವರು 2,800 ರೂಪಾಯಿ ಕೊಟ್ಟು ಕಿಟ್ ತಂದರು, ಜೊತೆಗೆ ಒಂದು ಪ್ಯಾಕೆಟ್ ಅರಿಶಿನ 'ಫ್ರೀ'. ಚಾಮರಾಜನಗರದ ನೆಂಟರ ಹೊಲದಿಂದ ಬಂದು, ಬೇಯಿಸಿ ಒಣಗಿಸಿ ಬೀಸಿಸಿದ್ದ ವರ್ಷದ ಅರಿಶಿನವನ್ನು ಗಿಡದ ಬುಡಕ್ಕೆ ಸುರಿದುಬಿಟ್ಟಿದ್ದರು.

ರಾತ್ರಿ ಪೆಟ್ಟಿಗೆ ಬಿಚ್ಚಿ ನೋಡಿದೆ. ಸೀಸೆಗಳ ಮೇಲೆ ಬರೀ ನಂಬರು. ಒಳಗೇನಿದೆ, ಯಾವಾಗ ತಯಾರಾಯಿತು, ಏನೂ ಇಲ್ಲ. ಅರಿಶಿನದ ಸೀಸೆಯ ಒಂದು ಹನಿ ಬೆರಳಿಗೆ ತಾಗಿತು, ಸೋಪಿನ ಹಾಗೆ ಜಾರಿತು. (ನೀವು ಮುಟ್ಟಿ ನೋಡಲು ಹೋಗಬೇಡಿ, ಕ್ಷಾರ ಜೋರಾಗಿದ್ದರೆ ಚರ್ಮ ಸುಡುತ್ತದೆ.) ಅಲ್ಲೇ ಅನುಮಾನ ಬಂತು. ಅದೇ ಸೀಸೆಯಿಂದ ಅವರದೇ 'ಶುದ್ಧ' ಅರಿಶಿನಕ್ಕೆ ಎರಡು ಹನಿ ಬಿಟ್ಟೆ. ಅದೂ ಕೆಂಪು! ಅತ್ತೆಯವರನ್ನು ಕೇಳಿದರೆ, ಆ ತಂಡದವರ ಪುಡಿಗೆ ಹನಿ ಬಿಟ್ಟಿದ್ದು ಬೇರೆ ಬಣ್ಣದ ಮುಚ್ಚಳದ ಸೀಸೆಯಿಂದ ಅಂತ ನೆನಪು ಮಾಡಿಕೊಂಡರು.

ಆಮೇಲೆ ಎಲೆ ಅಡಿಕೆ ತಟ್ಟೆಯಿಂದ ಕಡ್ಡಿ ತುದಿಯಷ್ಟು ಸುಣ್ಣ ತೆಗೆದು ಒದ್ದೆ ಅರಿಶಿನಕ್ಕೆ ತಿಕ್ಕಿದೆ. ಅದೇ ಕೆಂಪು. ಅದರ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿದೆ. ರಸ ಬಿದ್ದ ಕಡೆಯಿಂದ ಅಂಚು ಅಂಚಾಗಿ ಕೆಂಪು ಕರಗಿ, ತಟ್ಟೆ ಪೂರ್ತಿ ಮತ್ತೆ ಹಳದಿ. ಅತ್ತೆಯವರು ಹಣೆ ಚಚ್ಚಿಕೊಂಡು, "ಅಯ್ಯೋ, ಇದು ಆರತಿ ನೀರಲ್ವೇನೇ!" ಅಂದರು.

ಹೌದು. ಮದುಮಕ್ಕಳು ಹೊಸ್ತಿಲಲ್ಲಿ ನಿಂತಾಗ ಅರಿಶಿನದ ನೀರಿಗೆ ಸುಣ್ಣ ಕದಡಿ ಕೆಂಪು ಆರತಿ ಎತ್ತುತ್ತೇವಲ್ಲ, ಅದೇ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನುವ ಹಳದಿ ಬಣ್ಣಕ್ಕೆ ಸುಣ್ಣ, ಸೋಡಾ, ಸೋಪಿನಂಥ ಕ್ಷಾರ ಏನು ತಾಗಿದರೂ ಕೆಂಪಾಗುವುದು ಅದರ ಗುಣ. ಸಾರಿನ ಕಲೆಗೆ ಸೋಪು ತಿಕ್ಕಿದರೆ ಕೆಂಪಾಗುವ ವಿಷಯ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲೇ ಇದೆ. ಅರಿಶಿನ ಅಸಲಿ ಇದ್ದಷ್ಟೂ ಕೆಂಪು ಜಾಸ್ತಿ. ಅಂದರೆ ಆ ದಿನ ಚೆನ್ನಾಗಿ ಕೆಂಪಾದ ಪುಡಿಯಲ್ಲಿ ಅರಿಶಿನ ಇತ್ತು ಅಂತಷ್ಟೇ ಗೊತ್ತಾಗಿದ್ದು.

ಹಾಗಂತ ಬಣ್ಣದ ಪರೀಕ್ಷೆಗಳೆಲ್ಲ ಬೋಗಸ್ ಅಂತ ಅಲ್ಲ. ಅರಿಶಿನಕ್ಕೂ ಬೇಳೆಗೂ ಬೆರೆಸುವ ಮೆಟಾನಿಲ್ ಯೆಲ್ಲೋ ಅನ್ನುವ ಬಣ್ಣಕ್ಕೆ ಪರೀಕ್ಷೆ ಇದೆ. ಅಲ್ಲಿ ಹಾಕುವುದು ಹೈಡ್ರೋಕ್ಲೋರಿಕ್ ಆಮ್ಲ, ಅಂದರೆ ಇವರು ಹಾಕಿದ್ದಕ್ಕೆ ಪೂರ್ತಿ ಉಲ್ಟಾ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಗಾಢ ಆಮ್ಲ ಬಿದ್ದಾಗ ಒಳ್ಳೆಯ ಅರಿಶಿನವೂ ಒಂದು ಕ್ಷಣ ಕೆಂಪಾಗಬಹುದು, ನೀರು ಬೆರೆಸಿದರೆ ಆ ಕೆಂಪು ಹೋಗುತ್ತದೆ. ಮೆಟಾನಿಲ್ ಯೆಲ್ಲೋ ಇದ್ದರೆ ನೀರು ಹಾಕಿದ ಮೇಲೂ ನೇರಳೆಗೆಂಪು ಉಳಿಯುತ್ತದೆ. ನೀರು ಹಾಕುವ ಹಂತ ಬಿಟ್ಟರೆ ಯಾರ ಅರಿಶಿನವನ್ನು ಬೇಕಾದರೂ ಕಲಬೆರಕೆ ಮಾಡಿಬಿಡಬಹುದು. ಇದನ್ನು ಮನೆಯಲ್ಲಿ ಮಾಡಲು ಬಾತ್‌ರೂಮ್ ಆಸಿಡ್ ತರುವವರಿದ್ದಾರೆ. ದಯವಿಟ್ಟು ಬೇಡ.

ಇನ್ನು ಸೀಸದ ಮಾತು. ಅರಿಶಿನಕ್ಕೆ ಹೊಳಪು ಬರಲಿ ಅಂತ ಲೆಡ್ ಕ್ರೋಮೇಟ್ ಅನ್ನುವ ಸೀಸದ ಹಳದಿ ಬಣ್ಣ ಹಚ್ಚುವುದು ಕಟ್ಟುಕಥೆಯಲ್ಲ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯಿಂದ ತೆಗೆದ ಅರಿಶಿನದ ಮಾದರಿಗಳಲ್ಲಿ ಶೇಕಡಾ 47ರಲ್ಲಿ ಸೀಸ ಸಿಕ್ಕಿತ್ತು. ಅಲ್ಲಿನ ಸರ್ಕಾರ ದಾಳಿ, ದಂಡ, ಪ್ರಚಾರ ಎಲ್ಲ ಮಾಡಿದ ಮೇಲೆ 2021ರಲ್ಲಿ ಅದು ಸೊನ್ನೆಗೆ ಇಳಿಯಿತು. ಅಂಗಡಿಗಳಲ್ಲಿ ಅವರು ಬಳಸಿದ್ದು ಎಕ್ಸ್-ರೇಯಿಂದ ಸೀಸ ಪತ್ತೆ ಮಾಡುವ ಯಂತ್ರ. ಸುಣ್ಣದ ನೀರು, ಸೋಡಾ ನೀರಿನ ಹನಿಗೆ ಸೀಸ ಸಿಗುವುದಿಲ್ಲ. ನಮ್ಮಲ್ಲಿ ಅರಿಶಿನದಲ್ಲಿ ಕೆಜಿಗೆ 10 ಮಿಲಿಗ್ರಾಂ ಸೀಸದವರೆಗೆ ಮಿತಿ ಇದೆ. ಅಷ್ಟು ಸಣ್ಣ ಲೆಕ್ಕಕ್ಕೆ ಅಂಥ ಯಂತ್ರವೋ ಲ್ಯಾಬೋ ಬೇಕು.

ಕಿಟ್‌ನ ಇನ್ನೊಂದು ಆಟ ಅಯೋಡಿನ್. ಇಂಗಿಗೆ ಹನಿ ಬಿಟ್ಟು ಕಡುನೀಲಿ ಮಾಡಿ "ಮೈದಾ ಬೆರೆಸಿದ್ದಾರೆ" ಅಂದರಂತೆ. ಬೆರೆಸಿಯೇ ಇರುತ್ತಾರೆ! ಅಂಗಡಿಯಲ್ಲಿ ಸಿಗುವ ಇಂಗಿನ ಡಬ್ಬಿ ತಿರುಗಿಸಿ ಓದಿ, ಗೋಂದು, ಹಿಟ್ಟು ಅಂತ ಅಚ್ಚಾಗೇ ಇರುತ್ತದೆ. ಅಯೋಡಿನ್ ಪಿಷ್ಟವನ್ನು ಹಿಡಿಯುತ್ತದೆ, ಮೋಸವನ್ನಲ್ಲ. ಅರಿಶಿನದ ಕೊಂಬಿನಲ್ಲೂ ಪಿಷ್ಟ ಇದೆ, ಅಕ್ಕಿಯಲ್ಲೂ ಇದೆ, ಬಾಳೆಕಾಯಲ್ಲೂ ಇದೆ. ಪಿಷ್ಟ ಇರಲೇಬಾರದ ಹಾಲು, ಖೋವಾ, ಪನೀರ್, ತುಪ್ಪದಲ್ಲಿ ನೀಲಿ ಬಂದರೆ ಅದಕ್ಕೆ ಅರ್ಥ ಇದೆ. ಹಾಲನ್ನು ಕಾಯಿಸಿ ಆರಿಸಿ ನೋಡಬೇಕು, ಬಿಸಿಯಿದ್ದರೆ ನೀಲಿ ನಿಲ್ಲುವುದಿಲ್ಲ.

ಮೆಣಸಿನ ಪುಡಿ ನೀರಿಗೆ ಹಾಕುವ ಪರೀಕ್ಷೆಯೂ ಅರ್ಧ ಸತ್ಯ. ಬ್ಯಾಡಗಿಯ ಕೆಂಪು ಎಣ್ಣೆಗೆ ಬಿಡುತ್ತದೆ, ನೀರಿಗೆ ಅಷ್ಟಾಗಿ ಬಿಡುವುದಿಲ್ಲ. ನೀರಿನಲ್ಲಿ ಕೆಂಪು ಗೆರೆ ಗೆರೆಯಾಗಿ ಇಳಿದರೆ ಅನುಮಾನಿಸಿ. ಆದರೆ ಸುಡಾನ್ ಅನ್ನುವ ಬಣ್ಣಗಳೂ ಎಣ್ಣೆಗೇ ಕರಗುವಂಥವು, ಹಾಗಾಗಿ ನೀರಿನ ಲೋಟದಲ್ಲಿ ಸಿಕ್ಕಿಬೀಳುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 'ಡಾರ್ಟ್' ಅನ್ನುವ ಪುಸ್ತಿಕೆಯಲ್ಲಿ ಬಿಟ್ಟಿಯಾಗಿ ಕೊಟ್ಟಿದೆ. ಅದಕ್ಕೆ 2,800 ರೂಪಾಯಿ ಬೇಕಿಲ್ಲ. ನಿಜಕ್ಕೂ ಅನುಮಾನ ಇದ್ದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕೊಡುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕಲಬೆರಕೆ ಸಾಬೀತಾದರೆ ಶುಲ್ಕ ವಾಪಸ್.

ನಮ್ಮ ದುಡ್ಡು ಬಂದಿಲ್ಲ. ಬಿಲ್ ಅಂತ ಕೊಟ್ಟ ಚೀಟಿಯಲ್ಲಿ ವಿಳಾಸವಿಲ್ಲ, ಅರಿಶಿನದ ಪ್ಯಾಕೆಟ್ ಮೇಲೆ 14 ಅಂಕಿಯ ಲೈಸೆನ್ಸ್ ನಂಬರೂ ಇಲ್ಲ, ಫೋನ್ ಸ್ವಿಚ್ ಆಫ್. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಮುಂದಿನ ಮೀಟಿಂಗಿಗೆ ಅತ್ತೆಯವರೇ ಸುಣ್ಣದ ಡಬ್ಬಿ, ನಿಂಬೆಹಣ್ಣು ತೆಗೆದುಕೊಂಡು ಹೋಗಿ ಎಲ್ಲರ ಮುಂದೆ ಮಾಡಿ ತೋರಿಸಿದರು. ಸಾರಿನ ಪುಡಿ ಅಕ್ಕನಿಗೆ ಕೆಲವರು ಮತ್ತೆ ಆರ್ಡರ್ ಕೊಟ್ಟಿದ್ದಾರೆ. ಕೆಲವರು ಈಗಲೂ "ಏನೋಪ್ಪಾ, ಕೆಂಪಾಗಿದ್ದಂತೂ ನಿಜ" ಅಂತಾರೆ.

ನಿಮ್ಮ ಕಡೆಗೂ ಬಂದರೆ ಗುರುತು ಹೇಳುತ್ತೇನೆ: ಬಿಳಿ ಪೆಟ್ಟಿಗೆ, ನಂಬರ್ ಹಾಕಿದ ಸೀಸೆಗಳು, ಬೇರೆ ಬೇರೆ ಬಣ್ಣದ ಮುಚ್ಚಳ. "ನಮ್ಮ ಅರಿಶಿನಕ್ಕೆ ಬಿಡುವ ಸೀಸೆಯಿಂದಲೇ ಮೊದಲು ನಿಮ್ಮ ಅರಿಶಿನಕ್ಕೂ ಎರಡು ಹನಿ ಬಿಡಿ" ಅನ್ನಿ, ಎಲ್ಲರ ಎದುರಿಗೇ.