ಲಾ ಪ್ಲಾನ್ಯ: ಹನ್ನೆರಡು ಮಂದಿಯ ಬಳ್ಳಾರಿ ಕುಟುಂಬಕ್ಕೆ ಈ ಹಿಮದೂರು ಹೊಂದುತ್ತದೆಯೇ?

ಅಜ್ಜ, ಅಜ್ಜಿ, ಇಬ್ಬರು ಮೂವರು ಅಣ್ಣತಮ್ಮಂದಿರ ಸಂಸಾರ, ಐದರಿಂದ ಹದಿನೈದರ ಒಳಗಿನ ಮಕ್ಕಳು, ಎಲ್ಲರೂ ಹಿಮವನ್ನು ಟಿವಿಯಲ್ಲಷ್ಟೇ ಕಂಡವರು. ಇಂಥದೊಂದು ದಂಡು ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಫ್ರಾನ್ಸಿನ ಆಲ್ಪ್ಸ್‌ಗೆ ಹೊರಡುವುದಾದರೆ ಲಾ ಪ್ಲಾನ್ಯಕ್ಕೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಕಳೆದ ಒಂದು ಅಂಕ ಊಟಕ್ಕೆ ಮತ್ತು ಮನೆಗಳ ಇಕ್ಕಟ್ಟಿಗೆ. ಆದರೆ ಈ ನಾಲ್ಕು ಅಂಕ ಸರಿಯಾದ ಹಳ್ಳಿಯಲ್ಲಿ ಮನೆ ಹಿಡಿದವರಿಗೆ ಮಾತ್ರ. ತಪ್ಪು ಹಳ್ಳಿ ಹಿಡಿದರೆ ಎರಡು ಅಂಕವೂ ಜಾಸ್ತಿಯೇ.

ಲಾ ಪ್ಲಾನ್ಯ ಅಂದರೆ ಸಾವ್ವಾ ಪ್ರಾಂತ್ಯದ ಬೆಟ್ಟದ ಮೈಮೇಲೆ 1,250 ಮೀಟರಿನಿಂದ 2,100 ಮೀಟರ್ ಎತ್ತರದವರೆಗೆ ಹರಡಿದ ಹತ್ತು ಹನ್ನೊಂದು ಹಳ್ಳಿಗಳ ಗುಂಪು. ಸಂಡೂರು, ಹಟ್ಟಿ ಕಡೆಯವರಿಗೆ ಇದರ ಚರಿತ್ರೆ ಬೇಗ ಅರ್ಥವಾಗುತ್ತದೆ. ಇಲ್ಲಿ ಸೀಸ ಮತ್ತು ಬೆಳ್ಳಿಯ ಗಣಿ ಇತ್ತು, 1973ರಲ್ಲಿ ಮುಚ್ಚಿತು. ಗಣಿ ಪೂರ್ತಿ ಕೈಕೊಡುವ ಮುಂಚೆಯೇ, 1961ರಲ್ಲಿ, ಸುತ್ತಲಿನ ಊರುಗಳು ಸೇರಿ, ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ತಾಣ ಕಟ್ಟಿಕೊಂಡವು. ಈಗ ಲಾ ಪ್ಲಾನ್ಯದಲ್ಲೇ ಸುಮಾರು 225 ಕಿ.ಮೀ. ಜಾರುದಾರಿ ಇದೆ. ಪಕ್ಕದ ಲೆಜಾರ್ಕ್ ಸ್ಕೀ ತಾಣ ಸೇರಿದರೆ ಪ್ಯಾರಾಡಿಸ್ಕಿ ಎಂಬ 425 ಕಿ.ಮೀ. ವ್ಯಾಪ್ತಿ. ಎರಡರ ನಡುವೆ ಕಣಿವೆ ದಾಟಿಸುವ ವನ್ವಾಜ್ ಎಕ್ಸ್‌ಪ್ರೆಸ್ ಎಂಬ ಡಬಲ್ ಡೆಕ್ಕರ್ ಕೇಬಲ್ ಕಾರು 2003ರಿಂದ ಓಡುತ್ತಿದೆ. ಒಂದು ಡಬ್ಬಿಯಲ್ಲಿ 200 ಜನ, ನಾಲ್ಕು ನಿಮಿಷದ ದಾರಿ. ಕೇಳಲು ಚೆಂದ. ಆದರೆ ಮೊದಲ ಸಲ ಕಾಲಿಗೆ ಸ್ಕೀ ಕಟ್ಟಿಕೊಳ್ಳುವವರು ಆರು ದಿನದಲ್ಲಿ ಅಲ್ಲಿಯತನಕ ಮುಟ್ಟುವುದಿಲ್ಲ. ಪ್ಯಾರಾಡಿಸ್ಕಿ ಪಾಸಿಗೆ, ಅಂದರೆ ಎರಡೂ ತಾಣಗಳ ಲಿಫ್ಟು ಹತ್ತುವ ಟಿಕೆಟ್ಟಿಗೆ, ಹೆಚ್ಚುವರಿ ದುಡ್ಡು ಸುರಿಯಬೇಡಿ.

ದಾರಿಗಳಿಗೆ ಬಣ್ಣದ ಗುರುತಿದೆ: ಹಸಿರು ತೀರಾ ಸುಲಭ, ನೀಲಿ ಸುಲಭ, ಕೆಂಪು ಕಷ್ಟ, ಕಪ್ಪು ಪಳಗಿದವರಿಗೆ. ಲಾ ಪ್ಲಾನ್ಯದ ದೊಡ್ಡ ಗುಣ ಅದರ ಅಗಲವಾದ, ಇಳಿಜಾರು ಕಡಿಮೆಯಿರುವ ನೀಲಿ ದಾರಿಗಳು. ಮೂರನೇ ದಿನಕ್ಕೇ ಮಕ್ಕಳು ಬೆಟ್ಟದ ಮೇಲಿನಿಂದ ಇಳಿಯಬಲ್ಲರು. ಪಳಗಿದವರು ಇದನ್ನು ಸಪ್ಪೆ ಅನ್ನುತ್ತಾರೆ. ನಮ್ಮಂಥವರಿಗೆ ಆ ಸಪ್ಪೆಯೇ ಬೇಕು.

ಇನ್ನು ಹಳ್ಳಿಯ ಮಾತು. ಫೋಟೊ ನೋಡಿದವರೆಲ್ಲ ಬೆಲ್ ಪ್ಲಾನ್ಯಕ್ಕೆ ಮರುಳಾಗುತ್ತಾರೆ. ಮರದ ಬಾಲ್ಕನಿ, ಕಲ್ಲುಹಂಚಿನ ಮಾಡು, ವಾಹನವಿಲ್ಲದ ಬೀದಿ, ಬಾಗಿಲಲ್ಲೇ ಜಾರುದಾರಿ. ಆದರೆ ಅದು ಇಳಿಜಾರಿನ ಮೇಲೆ ಕಟ್ಟಿದ ಊರು. ಅಂಗಡಿಗೆ ಹೋಗಬೇಕೆಂದರೂ ಮೆಟ್ಟಿಲು, ಆ ಮೆಟ್ಟಿಲ ಮೇಲೆ ಗಟ್ಟಿಯಾದ ಮಂಜು. ಮೊಣಕಾಲು ನೋವಿರುವ ಅಜ್ಜಿ ಅಲ್ಲಿ ವಾರವೆಲ್ಲ ಮನೆಯೊಳಗೇ ಕೂರಬೇಕಾಗುತ್ತದೆ. ಹಿರಿಯರು ಜೊತೆಗಿದ್ದರೆ 1,970 ಮೀಟರಿನ ಪ್ಲಾನ್ಯ ಸಾಂತ್ರ ಹಿಡಿಯಿರಿ. ಅರವತ್ತರ ದಶಕದ ಕಾಂಕ್ರೀಟು, ನೋಡಲು ಏನೂ ಚೆಂದವಿಲ್ಲ. ಆದರೆ ಕಟ್ಟಡಗಳ ಕೆಳಗೆ ಮುಚ್ಚಿದ ಗ್ಯಾಲರಿ ಇದೆ. ದಿನಸಿ ಅಂಗಡಿ, ಔಷಧಿ ಅಂಗಡಿ, ಕಾಫಿ ಕುಡಿಯುವ ಜಾಗ, ಎಲ್ಲಕ್ಕೂ ಹಿಮ ತುಳಿಯದೆ ಹೋಗಿಬರಬಹುದು. ಮಕ್ಕಳ ಕ್ಲಾಸು ನಡೆಯುವ ಸಮತಟ್ಟು ಜಾಗ ಅಲ್ಲೇ ಎದುರಿಗೆ. ಎಲ್ಲರೂ ಗಟ್ಟಿಮುಟ್ಟಾಗಿದ್ದರೆ ಬೆಲ್ ಪ್ಲಾನ್ಯವೇ ಸರಿ. ಕೆಳಗಿನ ಮೋಂಶಾವಾಂ ಹಳೆಯ ಹಳ್ಳಿ, ಸುಂದರ, ಅಗ್ಗ. ಆದರೆ ಎತ್ತರ ಕಡಿಮೆ, ಏಪ್ರಿಲ್ ಹೊತ್ತಿಗೆ ಮನೆಮುಂದೆ ಹಿಮದ ಬದಲು ಕೆಸರು.

ಮನೆ ಹಿಡಿಯುವಾಗಿನ ದೊಡ್ಡ ಮೋಸ ‘6 ಜನರಿಗೆ’ ಎಂಬ ಸಾಲು. ಅದು ಸಾಮಾನ್ಯವಾಗಿ 30-35 ಚದರ ಮೀಟರ್, ನಮ್ಮ ಕಡೆಯ ಮನೆಯ ಒಂದು ಹಾಲ್‌ನಷ್ಟು. ಒಂದು ರೂಮು, ಬಾಗಿಲ ಬಳಿ ಎರಡು ಅಂತಸ್ತಿನ ಮಂಚ, ಹಾಲ್‌ನಲ್ಲಿ ಬಿಡಿಸಿಕೊಳ್ಳುವ ಸೋಫಾ, ಇವೆಲ್ಲ ಸೇರಿ ಆರು. ಬರೆದ ಸಂಖ್ಯೆಯಿಂದ ಎರಡು ಕಳೆಯಿರಿ. ಹನ್ನೆರಡು ಜನಕ್ಕೆ ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ ‘8 ಜನರ’ ಎರಡು ಮನೆ ತೆಗೆದುಕೊಂಡರೆ ನೆಮ್ಮದಿ. ದುಡ್ಡು ಕಟ್ಟುವ ಮೊದಲು ಕೇಳಬೇಕಾದದ್ದು: ಶೌಚಾಲಯ ಎಷ್ಟು, ಒಲೆಯ ಪ್ಲೇಟು ಎರಡೋ ನಾಲ್ಕೋ, ಹಾಸಿಗೆ ಬಟ್ಟೆ, ಟವೆಲ್ಲು ಸೇರಿದೆಯೋ ಇಲ್ಲವೋ, ಕೊನೆಯ ದಿನದ ಕ್ಲೀನಿಂಗ್‌ಗೆ ಬೇರೆ ದುಡ್ಡೇ, ಡಿಪಾಸಿಟ್ ಎಷ್ಟು. ಬಚ್ಚಲಿನ ಬಗ್ಗೆ ಎಲ್ಲರಿಗೂ ಮೊದಲೇ ಹೇಳಿಡಿ: ಟಬ್ಬಿನ ಹೊರಗೆ ನೆಲದಲ್ಲಿ ನೀರು ಹೋಗುವ ತೂಬು ಇರುವುದಿಲ್ಲ. ನಮ್ಮಂತೆ ನೆಲದ ಮೇಲೆ ಚೊಂಬಿನಿಂದ ನೀರು ಹುಯ್ದರೆ ಕೆಳಗಿನ ಮನೆಯ ಚಾವಣಿ ಸೋರುತ್ತದೆ, ಡಿಪಾಸಿಟ್ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಬಿಸಿನೀರು ಟ್ಯಾಂಕಿನಷ್ಟೇ. ಆರು ಜನ ಸಾಲಾಗಿ ಸ್ನಾನಕ್ಕೆ ನಿಂತರೆ ಕೊನೆಯವರಿಗೆ ತಣ್ಣೀರು, ಆದ್ದರಿಂದ ಅರ್ಧ ಜನ ಸಂಜೆಗೆ, ಅರ್ಧ ಜನ ಬೆಳಿಗ್ಗೆ.

ಯಾವಾಗ ಹೋಗಬೇಕು? ಸೀಸನ್ ಡಿಸೆಂಬರ್ ನಡುವಿನಿಂದ ಏಪ್ರಿಲ್ ಮೂರು-ನಾಲ್ಕನೇ ವಾರದವರೆಗೆ. ಫೆಬ್ರುವರಿಯಲ್ಲಿ ಫ್ರಾನ್ಸಿನ ಮೂರು ವಲಯಗಳ ಶಾಲೆಗಳಿಗೆ ಸರದಿಯ ಮೇಲೆ ರಜೆ, ಆಗ ಬಾಡಿಗೆಯೂ ಕ್ಯೂವೂ ಎರಡು ಪಟ್ಟು. ಜನವರಿ ಎರಡು, ಮೂರನೇ ವಾರ ಅಗ್ಗ, ಆದರೆ ನಮ್ಮ ಮಕ್ಕಳಿಗೆ ಶಾಲೆ ಇರುತ್ತದೆ, ಬೆಳಿಗ್ಗೆ ಮೈನಸ್ ಹತ್ತು ಡಿಗ್ರಿ ಮಾಮೂಲು. ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲ ಕಂಡ ಬಳ್ಳಾರಿ ಮೈಗೆ ಅದು ಸುಲಭವಲ್ಲ. ಪರೀಕ್ಷೆ ಮುಗಿದ ಮೇಲಿನ ಏಪ್ರಿಲ್ ಮೊದಲ ಹದಿನೈದು ದಿನ ನಮ್ಮ ಕಡೆಯ ಕುಟುಂಬಗಳಿಗೆ ಸರಿಯಾದ ಕಾಲ. ಎತ್ತರದ ಹಳ್ಳಿಗಳಲ್ಲಿ ಆಗಲೂ ಹಿಮ ನಿಂತಿರುತ್ತದೆ. ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ಒಂದು ಗಂಟೆಯ ಮೇಲೆ ಗಂಜಿ, ಹಾಗಾಗಿ ಜಾರುವ ಕೆಲಸ ಒಂಬತ್ತೂವರೆಯಿಂದ ಒಂದರೊಳಗೆ ಮುಗಿಸಿ. ತುಂಗಭದ್ರಾ ಕಾಲುವೆಯ ಎರಡನೇ ಬೆಳೆ ಭತ್ತದ ಕೊಯ್ಲು ಏಪ್ರಿಲ್‌ನಲ್ಲೇ ಬರುವ ಗಂಗಾವತಿ, ಸಿಂಧನೂರು ಕಡೆಯವರು ಮಾತ್ರ ಮನೆಯಲ್ಲಿ ಒಬ್ಬರನ್ನು ಬಿಟ್ಟೇ ಹೊರಡಬೇಕಾದೀತು.

ವೀಸಾಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಬೆಂಗಳೂರಿನ ಕೇಂದ್ರದ ಸೇವಾ ಶುಲ್ಕ ಬೇರೆ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಇಳಿದರೂ ತಂಗುವುದು ಫ್ರಾನ್ಸಿನಲ್ಲಿ, ಆದ್ದರಿಂದ ಅರ್ಜಿ ಫ್ರಾನ್ಸಿಗೇ ಹೋಗಬೇಕು. ಕೂಡು ಕುಟುಂಬ ಎಡವುವುದು ಎರಡು ಕಡೆ. ಒಂದು, ಅಣ್ಣನ ಮಗ ಕಾಕಾನ ಜೊತೆ ಹೊರಟಿದ್ದು ಅಪ್ಪ-ಅವ್ವ ಬರುತ್ತಿಲ್ಲವೆಂದರೆ ಇಬ್ಬರ ಸಹಿಯ ನೋಟರಿ ಒಪ್ಪಿಗೆ ಪತ್ರ ಬೇಕು. ಎರಡು, ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಎಷ್ಟೋ ಮನೆಗಳಲ್ಲಿ ಐಟಿ ರಿಟರ್ನ್ಸ್ ಇರುವುದಿಲ್ಲ. ಆಗ ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಪಹಣಿ, ಎಪಿಎಂಸಿ ಮಾರಾಟದ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟು, ಕನ್ನಡದಲ್ಲಿರುವುದಕ್ಕೆ ಇಂಗ್ಲಿಷ್ ಅನುವಾದ, ಇಷ್ಟನ್ನೂ ಜೋಡಿಸಿ ಕೊಡಿ. ವೀಸಾಕ್ಕೆ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ನಮ್ಮಲ್ಲಿ ಸಿಗುವ ಅನೇಕ ಪ್ರವಾಸ ವಿಮೆಗಳಲ್ಲಿ ಸ್ಕೀಯಿಂಗ್ ಸೇರಿರುವುದಿಲ್ಲ. ಪಾಲಿಸಿಯ ಹಿಂದಿನ ಪುಟಗಳನ್ನು ಓದಿ. ಲಿಫ್ಟ್ ಪಾಸ್ ಕೊಳ್ಳುವಾಗ ದಿನಕ್ಕೆ ಮೂರು-ನಾಲ್ಕು ಯೂರೊಗೆ ಸಿಗುವ ‘ಕಾರೆ ನೇಜ್’ ವಿಮೆಯನ್ನೂ ಮಾಡಿಸಿ. ಫ್ರಾನ್ಸಿನಲ್ಲಿ ಜಾರುದಾರಿಯಿಂದ ಎತ್ತಿ ತರುವ ಸೇವೆ ಉಚಿತವಲ್ಲ, ಹೆಲಿಕಾಪ್ಟರ್ ಬಂದರೆ ಬಿಲ್ಲು ಸಾವಿರಗಳಲ್ಲಿ.

ಪ್ರಯಾಣದ ವಿಷಯ ಚುಟುಕಾಗಿ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಜಿನೀವಾ ಅಥವಾ ಲಿಯೋಂ ವಿಮಾನ ನಿಲ್ದಾಣ, ಮುಂದೆ ರಸ್ತೆಯಲ್ಲಿ ಎರಡೂವರೆ-ಮೂರು ಗಂಟೆ. ಪ್ಯಾರಿಸ್‌ನಿಂದ ರೈಲಿನಲ್ಲಿ ಏಮ್-ಲಾ ಪ್ಲಾನ್ಯ ಸ್ಟೇಷನ್ನಿಗೂ ಬರಬಹುದು, ಅಲ್ಲಿಂದ ಮೇಲಕ್ಕೆ ಬಸ್ಸು. ಕೊನೆಯ ಏರು ಬರೀ ತಿರುವು, ಮಕ್ಕಳಿಗೆ ವಾಂತಿ ಮಾತ್ರೆ ಕೈಚೀಲದಲ್ಲಿರಲಿ. ಶನಿವಾರ ಇಡೀ ಯೂರೋಪು ಮನೆ ಬದಲಿಸುವ ದಿನ, ದಾರಿಯಲ್ಲಿ ಸಿಗುವ ಆಲ್ಬರ್ತ್‌ವಿಲ್ ಊರಿನಿಂದ ಮೂತಿಯೆವರೆಗಿನ ರಸ್ತೆ ಕಟ್ಟಿಹೋಗುತ್ತದೆ. ಭಾನುವಾರ ಬಿಟ್ಟುಕೊಡುವ ಮನೆ ಸಿಕ್ಕರೆ ಬಿಡಬೇಡಿ.

ಬಾಡಿಗೆ ಸಾಮಾನಿಗೆ ಬರೋಣ. ವಾರ ಕೆಡುವುದು ಹೆಚ್ಚಾಗಿ ಬೂಟಿನಿಂದ. ಬೂಟಿನ ಅಳತೆ ಪಾದದ ಉದ್ದದ ಸೆಂಟಿಮೀಟರಿನಲ್ಲಿರುತ್ತದೆ. ಮನೆಯಲ್ಲೇ ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಅಳೆದು, ಎಲ್ಲರದೂ ಬರೆದುಕೊಂಡು ಹೋಗಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮೊಣಕಾಲು ಮುಂದಕ್ಕೆ ಬಾಗಿಸಿದಾಗ ಬಿಡಬೇಕು. ಹಿಮ್ಮಡಿ ಎದ್ದರೆ ಬೂಟು ದೊಡ್ಡದು. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕುವುದು ಎಲ್ಲರೂ ಮಾಡುವ ತಪ್ಪು: ರಕ್ತದ ಓಡಾಟ ಒತ್ತಿಹೋಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಮೊಣಕಾಲುದ್ದದ ತೆಳು ಉಣ್ಣೆಯದೊಂದೇ ಸಾಕು, ಥರ್ಮಲ್ ಪ್ಯಾಂಟಿನ ಅಂಚು ಬೂಟಿನೊಳಗೆ ಹೋಗಕೂಡದು. ಅಂಗಡಿಯವರು ತೂಕ, ಎತ್ತರ, ವಯಸ್ಸು ಕೇಳುತ್ತಾರೆ. ನಾಚಿಕೊಂಡು ತೂಕ ತಪ್ಪು ಹೇಳಬೇಡಿ. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳುವ ಸ್ಪ್ರಿಂಗನ್ನು ಆ ಲೆಕ್ಕದ ಮೇಲೆ ಬಿಗಿ ಮಾಡುತ್ತಾರೆ. ಸಡಿಲವಾದರೆ ನಡುದಾರಿಯಲ್ಲಿ ಕಳಚುತ್ತದೆ, ಬಿಗಿಯಾದರೆ ಬಿದ್ದಾಗ ಕಳಚದೆ ಮೊಣಕಾಲು ತಿರುಚುತ್ತದೆ. ಹೊಸಬರಿಗೆ ಗದ್ದದೆತ್ತರದ ಸ್ಕೀ. ಹೆಲ್ಮೆಟ್ ಎಲ್ಲರಿಗೂ.

ಬಳ್ಳಾರಿ ಜೀನ್ಸ್‌ಗೆ ದೇಶದಲ್ಲೆಲ್ಲ ಹೆಸರಿದೆ, ಹಿಮದ ಮೇಲೆ ಮಾತ್ರ ಅದರಷ್ಟು ಕೆಟ್ಟ ಬಟ್ಟೆ ಇನ್ನೊಂದಿಲ್ಲ. ಹತ್ತಿ ನೀರು ಹೀರಿಕೊಂಡು ಬಿರುಸಾಗುತ್ತದೆ. ಒಳಗೆ ಥರ್ಮಲ್, ನಡುವೆ ಮೆತ್ತನೆಯ ಬೆಚ್ಚಗಿನ ಫ್ಲೀಸ್ ಅಂಗಿ, ಮೇಲೆ ನೀರಿಳಿಯದ ಜಾಕೆಟ್ಟು, ಪ್ಯಾಂಟು. ಬಿಸಿಲನ್ನು ಹಗುರ ಮಾಡಬೇಡಿ. ರಾಯಚೂರಿನ ಬಿಸಿಲು ಕಂಡವರೂ ಇಲ್ಲಿ ಸುಡಿಸಿಕೊಳ್ಳುತ್ತಾರೆ. ಪ್ರತಿ ಸಾವಿರ ಮೀಟರಿಗೆ ಅತಿನೇರಳೆ ಕಿರಣ ಸುಮಾರು ಶೇ. 10ರಷ್ಟು ಏರುತ್ತದೆ, ಹೊಸ ಹಿಮ ಅದರಲ್ಲಿ ಶೇ. 80ರವರೆಗೂ ವಾಪಸು ಮುಖಕ್ಕೇ ಹೊಡೆಯುತ್ತದೆ. ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಅಡಿಗೂ ಕ್ರೀಮು ಬೇಕು.

ಕಲಿಸುವ ಕೆಲಸಕ್ಕೆ ಕೆಂಪು ಜಾಕೆಟ್ಟಿನ ಇಎಸ್‌ಎಫ್ (ಫ್ರೆಂಚ್ ಸ್ಕೀ ಶಾಲೆ) ಎಲ್ಲ ಹಳ್ಳಿಯಲ್ಲೂ ಇದೆ, ಬೇರೆ ಸಣ್ಣ ಶಾಲೆಗಳೂ ಇವೆ. ಆರು ಅರ್ಧದಿನದ ಗುಂಪು ಕ್ಲಾಸು ಸಾಕು. ಇಂಗ್ಲಿಷ್ ಮಾತಾಡುವ ಶಿಕ್ಷಕರೇ ಬೇಕೆಂದು ಬುಕ್ ಮಾಡುವಾಗಲೇ ಬರೆಯಿರಿ. ಆರು ದಿನದ ಪೂರ್ತಿ ಪಾಸು ದೊಡ್ಡವರಿಗೆ 300 ಯೂರೊ ದಾಟುತ್ತದೆ, ಐದು ವರ್ಷದೊಳಗಿನವರಿಗೆ ಉಚಿತ. ಮೊದಲೆರಡು ದಿನ ಕಲಿಯುವವರ ಅಗ್ಗದ ಪಾಸಿನಲ್ಲೇ ಕಳೆದು ಆಮೇಲೆ ಪೂರ್ತಿ ಪಾಸು ಕೊಳ್ಳುವುದು ಜಾಣತನ. ಕ್ಲಾಸು ಬಿಡುವ ಹೊತ್ತಿಗೆ ಸ್ಕೀ ಹಾಕದ ಒಬ್ಬ ದೊಡ್ಡವರು ಜಾಗದಲ್ಲಿ ನಿಂತಿರಬೇಕು. ದೊಡ್ಡಪ್ಪ ಬರುತ್ತಾರೆ, ಅತ್ತಿ ಬರುತ್ತಾಳೆ ಎಂದು ಬಿಟ್ಟರೆ ಯಾರೂ ಬಂದಿರುವುದಿಲ್ಲ. ವಾರದ ಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಹೋಟೆಲ್ ಊಟ ಸಸ್ಯಾಹಾರಿಗಳಿಗೆ ಕಷ್ಟ. ತಾರ್ತಿಫ್ಲೆಟ್ ಎಂಬ ಆಲೂಗಡ್ಡೆ-ಚೀಸಿನ ತಿನಿಸಿನಲ್ಲಿ ಹಂದಿಮಾಂಸದ ಚೂರಿರುತ್ತದೆ, ಸೂಪಿನ ನೀರು ಮಾಂಸದ್ದಿರಬಹುದು. ಬೋಫೋರ್, ರೆಬ್ಲೊಶೋಂ ಚೀಸುಗಳನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯ ರೆನ್ನೆಟ್‌ನಿಂದ, ಆಚಾರವಂತರಿಗೆ ಇದು ತಿಳಿದಿರಲಿ. ಆದ್ದರಿಂದ ರೊಟ್ಟಿ ಕಟ್ಟಿಕೊಂಡೇ ಹೊರಡಿ. ಕಡಕ್ ಜೋಳದ ರೊಟ್ಟಿ ದಿನಕ್ಕೆ ತಲಾ ಎರಡರಂತೆ ಹನ್ನೆರಡು ಜನಕ್ಕೆ ಏಳು ದಿನಕ್ಕೆ 168. ಗಟ್ಟಿ ಡಬ್ಬಿಯಲ್ಲಿಟ್ಟು ಕೈಸಾಮಾನಿನಲ್ಲಿ ಒಯ್ಯಿರಿ, ಲಗೇಜಿಗೆ ಹಾಕಿದರೆ ತಲುಪುವುದು ಪುಡಿ. ಶೇಂಗಾ, ಗುರೆಳ್ಳು ಚಟ್ನಿಪುಡಿ, ಗಂಗಾವತಿ ಸೋನಾ ಮಸೂರಿ ಐದು ಕಿಲೊ ಲಗೇಜಿನಲ್ಲಿ. ತುಪ್ಪ, ಪೇಡಾ, ಹಾಲಿನ ಪುಡಿ, ಹಸಿ ಕರಿಬೇವು ಬೇಡ. ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಯೂರೋಪಿನ ನಿಯಮ ಬಿಡುವುದಿಲ್ಲ.

2,000 ಮೀಟರಿನಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ತುಂಬಾ ಹೊತ್ತು ಹಿಡಿಯುತ್ತದೆ. ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರು ಕೆಲಸಕ್ಕೆ ಬಾರದು, ಇಂಡಕ್ಷನ್ ತಳದ ಐದು ಲೀಟರಿನ ಸ್ಟೀಲ್ ಕುಕ್ಕರು ಬೇಕು. ಒಂದೆರಡು ಸೀಟಿ ಜಾಸ್ತಿ ಕೂಗಿಸಿ. ಫ್ರಾನ್ಸಿನ ಮನೆಗಳಲ್ಲಿ ಹೊಗೆ ಅಲಾರಾಂ 2015ರಿಂದ ಕಡ್ಡಾಯ. ಒಣಮೆಣಸಿನಕಾಯಿ ಒಗ್ಗರಣೆಗೆ ಅದು ಕೂಗಿಯೇ ಕೂಗುತ್ತದೆ. ಫ್ಯಾನು ಹಾಕಿ, ಕಿಟಕಿ ತೆರೆದು, ಆಮೇಲೆ ಸಾಸಿವೆ.

ಸ್ಕೀ ಮಾಡದವರಿಗೆ ನಡೆದಾಡುವವರ ಪಾಸಿದೆ, ಕೇಬಲ್ ಕಾರಿನಲ್ಲಿ ಮೇಲಿನವರೆಗೆ ಹೋಗಿಬರಬಹುದು. ಹಳ್ಳಿಗಳ ನಡುವೆ ಉಚಿತ ಬಸ್ಸಿದೆ. 1992ರ ಆಲ್ಬರ್ತ್‌ವಿಲ್ ಒಲಿಂಪಿಕ್ಸಿಗೆ ಕಟ್ಟಿದ 19 ತಿರುವಿನ ಬಾಬ್‌ಸ್ಲೆ (ಮಂಜುಗಡ್ಡೆಯ ಮೇಲೆ ಜಾರುವ ಬಂಡಿ) ದಾರಿಯಲ್ಲಿ ಸಾರ್ವಜನಿಕರೂ ಕೂತು ಇಳಿಯಬಹುದು. ಆದರೆ ಅದು ಲಿಫ್ಟುಗಳಿಗಿಂತ ಮೊದಲೇ ಮುಚ್ಚುವುದುಂಟು, ಏಪ್ರಿಲ್‌ಗೆ ಹೋಗುವವರು ತಾರೀಖು ನೋಡಿಕೊಳ್ಳಿ.

ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಮನೆ ಖಾಲಿ ಮಾಡಬೇಕು. ಬಾಡಿಗೆ ಸ್ಕೀ ಹಿಂದಿನ ಸಂಜೆಯೇ ಕೊಟ್ಟುಬಿಡಿ. ಒಲೆ, ಫ್ರಿಜ್ಜು, ಕಸದ ಬುಟ್ಟಿಯ ಫೋಟೊ ತೆಗೆದಿಟ್ಟುಕೊಂಡರೆ ಡಿಪಾಸಿಟ್ ತಕರಾರಿಗೆ ಉತ್ತರವಿರುತ್ತದೆ. ವಿಮಾನ ಸಂಜೆ ಆರರ ಮೇಲಿರಲಿ. ಇಳಿಯುವ ರಸ್ತೆಯೂ ಅದೇ, ಆ ಹೊತ್ತಿನ ದಟ್ಟಣೆಯೂ ಅದೇ.